ಕಡಿಮೆ ಬಜೆಟ್ ಹಾರರ್ ಸಿನಿಮಾ: ಎರಡನೇ ಭಾಗವನ್ನು ಮೊದಲನೆಯದಕ್ಕೆ ಹೋಲಿಸುವುದು ಹೇಗೆ

ನೆನಪಿನ ಮೇಲೆ ಹೋಲಿಸಬೇಡಿ. ನೆನಪಲ್ಲಿ ಉಳಿಯುವುದು ಬೆಚ್ಚಿಬಿದ್ದ ಕ್ಷಣಗಳು ಮಾತ್ರ. ಬೇಸರ ತರಿಸಿದ್ದು ಮರೆತುಹೋಗಿರುತ್ತದೆ, ಹಾಗಾಗಿ ಹೊಸದು ಅನ್ಯಾಯವಾಗಿ ಸೋಲುತ್ತದೆ. ಎರಡನ್ನೂ ಒಂದೇ ವಾರದಲ್ಲಿ, ಬಿಡುಗಡೆಯಾದ ಕ್ರಮದಲ್ಲೇ, ದೀಪ ಆರಿಸಿ, ವಾಲ್ಯೂಮ್ ಬದಲಿಸದೆ ನೋಡಿ.

ಮೊದಲ ಸಲ ಸುಮ್ಮನೆ ನೋಡಿ. ಎರಡನೇ ಸಲ ಪ್ರತಿ ಹೆದರಿಕೆಗೂ ಮೂರು ಅಂಶ ಬರೆದುಕೊಳ್ಳಿ: ಎಷ್ಟನೇ ನಿಮಿಷ, ಅದಕ್ಕೂ ಮುಂಚೆ ಎಷ್ಟು ಸೆಕೆಂಡ್ ಮೌನ, ಹೆದರಿಸಿದ್ದು ದೃಶ್ಯವೋ ಶಬ್ದವೋ. ಅನುಮಾನವಿದ್ದರೆ ಮ್ಯೂಟ್ ಮಾಡಿ ಮತ್ತೆ ನೋಡಿ. ಏನೂ ಅನಿಸದಿದ್ದರೆ ಹೆದರಿಸಿದ್ದು ಶಬ್ದವೇ.

ಹೆಚ್ಚಿದ ದುಡ್ಡು ಎಲ್ಲಿಗೆ ಹೋಯಿತು ಎಂಬುದೇ ನಿಜವಾದ ಪ್ರಶ್ನೆ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ (2007) ತಯಾರಾದದ್ದು ಸುಮಾರು 15,000 ಡಾಲರಿನಲ್ಲಿ. 2010ರ ಎರಡನೇ ಭಾಗಕ್ಕೆ ಸುಮಾರು 30 ಲಕ್ಷ ಡಾಲರ್. ಮೊದಲನೆಯದರ ರಾತ್ರಿಗಳಲ್ಲಿ ಟ್ರೈಪಾಡ್ ಮೇಲೆ ಒಂದೇ ಕ್ಯಾಮೆರಾ: ಹಾಸಿಗೆ, ತೆರೆದ ಬಾಗಿಲು, ಪರದೆಯ ಮೂಲೆಯಲ್ಲಿ ಸರಸರ ಓಡುವ ಸಮಯದ ಅಂಕಿಗಳು. ಅಂಕಿಗಳ ಓಟ ನಿಧಾನವಾದ ಕೂಡಲೇ ಕಣ್ಣು ತಾನಾಗಿ ಬಾಗಿಲಿಗೆ ಹೋಗುತ್ತದೆ. ಅದ್ಭುತ ಉಪಾಯ, ಖರ್ಚು ಹೆಚ್ಚುಕಮ್ಮಿ ಸೊನ್ನೆ! ಎರಡನೆಯದರಲ್ಲಿ ಮನೆಯಿಡೀ ಸಿಸಿಟಿವಿ: ಅಡುಗೆಮನೆ, ಈಜುಕೊಳ, ಮಗುವಿನ ಕೋಣೆ. ಎಲ್ಲಿ ನೋಡಬೇಕೆಂದು ತಿಳಿಯದ ಆತಂಕ ಇಲ್ಲಿ ಬಂಡವಾಳ. ಆದರೆ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದ ಉಸಿರುಗಟ್ಟುವಿಕೆ ಇಲ್ಲ.

ಆಮೇಲೆ ದೆವ್ವದ ನಿಯಮಗಳನ್ನು ಪಟ್ಟಿ ಮಾಡಿ: ಅದು ಯಾವಾಗ ಬರುತ್ತದೆ, ಏನು ಮಾಡಲಾರದು. ಎರಡನೇ ಭಾಗ ನಿಯಮ ಮುರಿದರೆ ಕಾರಣ ಕೊಟ್ಟಿದೆಯೇ ನೋಡಿ. ಸುಮಾರು ಸೀಕ್ವೆಲ್‌ಗಳು ಎಡವುವುದು ಅತಿಯಾದ ವಿವರಣೆಯಲ್ಲಿ. ದೆವ್ವದ ಹಿನ್ನೆಲೆ ಹೇಳಲು ಎಷ್ಟು ನಿಮಿಷ ಹೋಯಿತು ಎಂದು ಎರಡರಲ್ಲೂ ಲೆಕ್ಕ ಹಾಕಿ, ಅಂಕಿ ಅಕ್ಕಪಕ್ಕ ಬರೆಯಿರಿ.