ಕೊನೆಯ ವಾಕ್ಯವನ್ನು ಮೊದಲಿಗೆ ತಂದ ಬಗೆ: ನನ್ನ ಅನುಭವ

ಪದವಿ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪ್ಯಾರಾಗ್ರಾಫ್ ಬರೆಯುವುದನ್ನು ಕನ್ನಡದ ಮೂಲಕವೇ ಕಲಿಸುತ್ತೇನೆಂದಾಗ ವಿಭಾಗದ ಹಿರಿಯರು ಯಾರೂ ಒಪ್ಪಿರಲಿಲ್ಲ. ಈಗ ಎರಡು ಸೆಮಿಸ್ಟರುಗಳ ಉತ್ತರ ಪತ್ರಿಕೆಗಳು ಕೈಯಲ್ಲಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಎಡವಿದ್ದು ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಕಪ್ಲಾನ್ 1966ರಲ್ಲಿ ಪ್ರಕಟಿಸಿದ, ಬೇರೆ ಬೇರೆ ಭಾಷೆಯವರು ಪ್ಯಾರಾಗ್ರಾಫಿನಲ್ಲಿ ವಿಚಾರ ಬೆಳೆಸುವ ಬಗೆಯನ್ನು ಗೆರೆಗಳಲ್ಲಿ ತೋರಿಸುವ ಪ್ರಸಿದ್ಧ ರೇಖಾಚಿತ್ರಗಳನ್ನು ನಂಬಿ. ಇಂಗ್ಲಿಷಿಗೆ ನೇರ ಗೆರೆ, ‘ಪೌರ್ವಾತ್ಯ’ ಭಾಷೆಗಳಿಗೆ ಸುರುಳಿ ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ ಒಬ್ಬ ವಿದ್ಯಾರ್ಥಿನಿ, “ಸರ್, ಹಾಗಾದರೆ ನಾವು ಯೋಚಿಸುವುದೇ ಸುತ್ತಿ ಬಳಸಿಯೇ?” ಎಂದು ಕೇಳಿದಳು. ಆ ಚಿತ್ರಗಳಲ್ಲಿ ದ್ರಾವಿಡ ಭಾಷೆಗಳಿಗೆ ಗೆರೆಯೇ ಇಲ್ಲ ಎಂದಾದರೂ ನಾನು ಹೇಳಬೇಕಿತ್ತು. ಹೇಳಲಿಲ್ಲ, ಅದು ಇಂದಿಗೂ ನೋಯಿಸುತ್ತದೆ. ಸುಮಾರು 1,800 ರೂಪಾಯಿ ಸ್ವಂತ ಹಣದಲ್ಲಿ ಜೆರಾಕ್ಸ್ ಮಾಡಿಸಿಕೊಟ್ಟ ಮಾದರಿ ಪ್ಯಾರಾಗ್ರಾಫುಗಳನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿದರೇ ಹೊರತು ಬರೆಯಲು ಕಲಿಯಲಿಲ್ಲ.

ಮರುವರ್ಷ ಅಪ್ಪನಿಗೊಂದು ಪತ್ರ, ಬಸ್ ಅಪಘಾತದ ಒಂದು ಪತ್ರಿಕಾ ವರದಿ, ಎರಡನ್ನೂ ಕನ್ನಡದಲ್ಲೇ ಬರೆಸಿದೆ. ಪತ್ರದಲ್ಲಿ ಕ್ಷೇಮ ಸಮಾಚಾರ, ಮಳೆ ಬೆಳೆ, ತಂಗಿಯ ಓದು ಎಲ್ಲ ಮುಗಿದ ಮೇಲೆ ಫೀಸಿಗೆ ಹಣ ಬೇಕೆಂಬ ಮಾತು ಬಂತು. ವರದಿಯಲ್ಲಿ ಎಲ್ಲಿ, ಯಾವಾಗ, ಎಷ್ಟು ಮಂದಿಗೆ ಗಾಯ ಎಂಬುದು ಮೊದಲ ವಾಕ್ಯದಲ್ಲೇ ಇತ್ತು. ಭಾಷೆಯೂ ಒಂದೇ, ಬರೆದ ಕೈಯೂ ಒಂದೇ, ಬೇರೆಯಾದದ್ದು ಆಯಾ ಬರಹದ ರೂಢಿ. ಇದನ್ನು ಮಕ್ಕಳೇ ಕಂಡುಕೊಂಡ ದಿನದಿಂದ ಕೆಲಸ ಸುಲಭವಾಯಿತು. ಮೊದಲು ಕನ್ನಡದಲ್ಲಿ ಕರಡು, ಅದರಲ್ಲಿ ತಾವು ನಿಜವಾಗಿ ಹೇಳಬಯಸಿದ ವಾಕ್ಯಕ್ಕೆ ಅಡಿಗೆರೆ (ಅದು ಹೆಚ್ಚಾಗಿ ಕೊನೆಯಲ್ಲೇ ಇರುತ್ತಿತ್ತು), ಇಂಗ್ಲಿಷ್ ಪ್ಯಾರಾಗ್ರಾಫ್ ಸಾಮಾನ್ಯವಾಗಿ ಮುಖ್ಯ ಮಾತಿನಿಂದ ತೊಡಗುವುದರಿಂದ ಅದನ್ನು ಮೇಲಕ್ಕೆ ತಂದ ಬಳಿಕವೇ ಇಂಗ್ಲಿಷ್. ಅರುವತ್ತರ ತರಗತಿಯಲ್ಲಿ ಮೊದಲು ಹತ್ತು ಮಂದಿಯೂ ಮುಖ್ಯ ಮಾತಿನಿಂದ ಆರಂಭಿಸುತ್ತಿರಲಿಲ್ಲ. ಸೆಮಿಸ್ಟರ್ ಮುಗಿಯುವಾಗ ನಲವತ್ತರ ಹತ್ತಿರ ಬಂದರು, ಇದು ನನ್ನ ವಿಭಾಗದಲ್ಲಿ ಹಿಂದೆಂದೂ ಆಗಿರಲಿಲ್ಲ.

ನಡುವೆ ‘ನನಗೆ’ ಎಂಬ ಪದದ ಮೇಲೂ ಎರಡು ವಾರ ಕಳೆದೆ. ನನಗೆ ಜ್ವರ ಬಂದಿದೆ, ನನಗೆ ಇಬ್ಬರು ತಂಗಿಯರಿದ್ದಾರೆ, ನನಗೆ ಈಜು ಬರುತ್ತದೆ ಎಂಬಲ್ಲೆಲ್ಲ ಇಂಗ್ಲಿಷ್ ‘ಐ’ ಎಂದೇ ತೊಡಗುತ್ತದೆ. ಇಂಥ ವಾಕ್ಯಗಳ ಪಟ್ಟಿಯನ್ನು ಮಕ್ಕಳು ಉತ್ಸಾಹದಿಂದ ಬೆಳೆಸಿದರು, ಆದರೆ ಪರೀಕ್ಷೆಯಲ್ಲಿ ‘ಟು ಮಿ’ ಮತ್ತೆ ಮತ್ತೆ ಕಾಣಿಸಿಕೊಂಡಿತು. ಬರುವ ಜೂನ್‌ನಲ್ಲಿ ಆ ಪಾಠವನ್ನು ಬರಹದ ಬದಲು ಮಾತಿನಿಂದ ಆರಂಭಿಸಿ ನೋಡುವವನಿದ್ದೇನೆ.