ಚಿಕ್ಕಮಗಳೂರು ಸುತ್ತ ಘಾಟಿ ರೋಡಲ್ಲಿ ಸೈಕಲ್ ತುಳಿಯೋಕೆ ಹೊರಟೋರಿಗೆ

ನಂದಿ ಬೆಟ್ಟ ಹತ್ತಿ ಇಳಿದು ಅಭ್ಯಾಸ ಇರೋರು ಮಲೆನಾಡಿಗೆ ಬಂದಾಗ್ಲೂ ಪ್ಲಾನ್ ಹಾಕೋದು ಕಿಲೋಮೀಟರ್ ಲೆಕ್ಕದಲ್ಲೇ, ದಿನಕ್ಕೆ ನೂರು ಆಗತ್ತೆ, ಆರಾಮಾಗಿ ಹೋಗ್ಬಹುದು ಅಂತ. ಇಲ್ಲಿ ಆ ಲೆಕ್ಕ ನಡೆಯಲ್ಲ. ನೋಡ್ಬೇಕಾಗಿರೋದು ಎರಡೇ: ಒಟ್ಟು ಎಷ್ಟು ಮೀಟರ್ ಏರು ಇದೆ, ಆ ಏರು ದಿನದ ಯಾವ ಹೊತ್ತಿಗೆ ನಿಮ್ಮ ಕಾಲಿಗೆ ಸಿಗತ್ತೆ. ಎರಡನೇದನ್ನ ಯಾರೂ ಯೋಚನೆ ಮಾಡಲ್ಲ, ಆದ್ರೆ ರೈಡ್ ಚೆನ್ನಾಗಿ ಆಗೋದೋ ಕೆಡೋದೋ ಅದ್ರಿಂದ್ಲೇ.

ಯಾಕೆ ಅಂದ್ರೆ ಚಿಕ್ಕಮಗಳೂರು ಊರೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಇಲ್ಲಿ ರೂಮ್ ಮಾಡ್ಕೊಂಡು ಬೆಳಗ್ಗೆ ಕರಾವಳಿ ಕಡೆಗೆ ಚಾರ್ಮಾಡಿ ಘಾಟಿ ಇಳಿದು ಮಧ್ಯಾಹ್ನ ವಾಪಸ್ ಹತ್ತೋಣ ಅಂದ್ರೆ, ಕಾಲು ಫ್ರೆಶ್ ಇದ್ದಾಗ ಬರೀ ಬ್ರೇಕ್ ಹಿಡಿದು ಇಳೀತೀರಿ, ಆಮೇಲೆ ಕರಾವಳಿಯ ಆ ಬೆವರು ಸೆಕೆಯಲ್ಲಿ, ಸೂರ್ಯ ನೆತ್ತಿ ಮೇಲೆ ಬಂದಾಗ ಏರು ಶುರು ಮಾಡ್ತೀರಿ. ಉಲ್ಟಾ ಮಾಡಿ. ಹಿಂದಿನ ರಾತ್ರಿ ಕೆಳಗೆ ಉಳ್ಕೊಳ್ಳಿ, ಚಾರ್ಮಾಡಿಗೆ ಉಜಿರೆ ಅಥವಾ ಧರ್ಮಸ್ಥಳ, ಆಗುಂಬೆ ಘಾಟಿಗೆ ಹೆಬ್ರಿ. ಬೆಳಕು ಹರಿದ ಕೂಡ್ಲೇ ಹತ್ತೋಕೆ ಶುರು ಮಾಡಿದ್ರೆ ಬಿಸಿಲು ಬರೋ ಹೊತ್ತಿಗೆ ನೀವು ಮೇಲೆ ತಂಪಲ್ಲಿ ಇರ್ತೀರಿ.

ಏರು ಎಷ್ಟು ಕಷ್ಟ ಅಂತ ತಿಳ್ಕೊಳ್ಳೋದು ಸುಲಭ. ಬುಡದ ಎತ್ತರ, ತುದಿಯ ಎತ್ತರ, ಮಧ್ಯದ ದೂರ ಇಷ್ಟು ಗೊತ್ತಿದ್ರೆ ಸಾಕು. ಒಂದು ಕಿಲೋಮೀಟರಿಗೆ 100 ಮೀಟರ್ ಏರಿದ್ರೆ 10 ಪರ್ಸೆಂಟ್, 50 ಮೀಟರ್ ಏರಿದ್ರೆ 5. ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ, ಬುಡದ ಸೋಮೇಶ್ವರ ನೂರು ಚಿಲ್ಲರೆ ಮೀಟರ್, ಮಧ್ಯ ಇರೋದು ಏಳೆಂಟು ಕಿಲೋಮೀಟರ್, ಅಂದ್ರೆ ಸರಾಸರಿ 7 ಪರ್ಸೆಂಟ್ ಹತ್ತಿರ. ಚಾರ್ಮಾಡಿಯಲ್ಲಿ ಒಟ್ಟು ಏರು ಅದಕ್ಕಿಂತ ಜಾಸ್ತಿನೇ ಇದೆ ಆದ್ರೆ 20 ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಹರಡಿಕೊಂಡಿದೆ, ಹಾಗಾಗಿ ಸರಾಸರಿ 4ರ ಆಸುಪಾಸು. ಮೊದಲ ಸಲ ಘಾಟಿ ಹತ್ತೋರಿಗೆ ನಾನು ಯಾವಾಗ್ಲೂ ಚಾರ್ಮಾಡಿನೇ ಹೇಳೋದು, ಆಗುಂಬೆ ಅಲ್ಲ.

ಗೇರ್ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಮುಂದೆ ಪೆಡಲ್ ಹತ್ತಿರ 50-34 ಹಲ್ಲಿನ ಕಾಂಪ್ಯಾಕ್ಟ್, ಹಿಂದಿನ ಚಕ್ರದ ಕ್ಯಾಸೆಟ್ (ಹಲ್ಲುಗಾಲಿಗಳ ಸೆಟ್) ಅಲ್ಲಿ ದೊಡ್ಡದಕ್ಕೆ ಕನಿಷ್ಠ 32 ಹಲ್ಲು, 34 ಇದ್ರೆ ಇನ್ನೂ ಒಳ್ಳೇದು. ಹಿಂದೆ 25 ಅಥವಾ 28 ಇಟ್ಕೊಂಡು ಆಗುಂಬೆ ತಿರುವು ಹತ್ತಕ್ಕೆ ಹೋದ್ರೆ ಮಂಡಿ ಮೇಲೆ ಬೀಳತ್ತೆ ಪೂರ್ತಿ ಭಾರ. ಸಣ್ಣ ಗೇರಲ್ಲಿ, ನಿಮಿಷಕ್ಕೆ ಎಪ್ಪತ್ತು ಸುತ್ತಿನ ಆಸುಪಾಸು ಕಾಲು ತಿರುಗ್ತಾ ಇರ್ಬೇಕು, ಪಕ್ಕದೋರ ಜೊತೆ ಮಾತಾಡೋಕೆ ಆಗ್ಬೇಕು, ಅಷ್ಟೇ ಸ್ಪೀಡ್ ಸಾಕು. ಟೈರ್ ಅಗಲ 28 ಮಿಲಿಮೀಟರಿಗಿಂತ ಕಮ್ಮಿ ಬೇಡ, 30 ಅಥವಾ 32 ಹಾಕೋ ಜಾಗ ಫ್ರೇಮಲ್ಲಿ ಇದ್ರೆ ಹಾಕ್ಕೊಳ್ಳಿ, ಮಳೆಗಾಲ ಮುಗಿದ ಮೇಲೆ ರೋಡಿನ ಅಂಚು ಕಿತ್ತು ಹೋಗಿರತ್ತೆ.

ಈಗ ರೂಟು. ಚಾರ್ಮಾಡಿಗೆ ಉಜಿರೆಯಿಂದ ಹೊರಟ್ರೆ ಮೊದಲು ಹತ್ತು ಹನ್ನೆರಡು ಕಿಲೋಮೀಟರ್ ಅಡಿಕೆ ತೋಟಗಳ ಮಧ್ಯ ದೊಡ್ಡ ಏರಿಲ್ಲದೆ ಹೋಗ್ತೀರಿ, ಮೈ ಬಿಸಿ ಆಗಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಚಾರ್ಮಾಡಿ ಊರು ದಾಟಿದ ಮೇಲೆ ಏರು ಶುರು. ದಾರಿಯಲ್ಲಿ ಅಣ್ಣಪ್ಪ ಸ್ವಾಮಿ ಗುಡಿ ಸಿಗತ್ತೆ, ಡ್ರೈವರ್‌ಗಳೆಲ್ಲ ಗಾಡಿ ನಿಲ್ಸಿ ಕೈ ಮುಗಿದು ಹೋಗೋ ಜಾಗ, ನೀವೂ ನಿಲ್ಲಿಸಿ, ಕೈ ಮುಗಿದು ನೀರು ಕುಡಿದು ಹೊರಡಿ. ಇದು ನ್ಯಾಷನಲ್ ಹೈವೇ 73, ಬಸ್ಸು ಗಾಡಿ ಓಡಾಡ್ತವೆ, ತಡೆಗೋಡೆ ಪಕ್ಕ ಸೈಕಲ್‌ಗೆ ಅಂತ ಬೇರೆ ಜಾಗ ಇಲ್ಲ, ಅದಕ್ಕೇ ಬೇಗ ಹತ್ತಿ ಅಂತ ಮತ್ತೆ ಮತ್ತೆ ಹೇಳ್ತಿರೋದು. 2019ರ ಆಗಸ್ಟಲ್ಲಿ ಗುಡ್ಡ ಕುಸಿದು ಈ ಘಾಟಿ ಬಂದ್ ಆಗಿತ್ತು, ಆಮೇಲೂ ಮಳೆಗಾಲದಲ್ಲಿ ಕುಸಿಯೋದು ನಿಂತಿಲ್ಲ. ಮೇಲೆ ಬಂದ್ರೆ ಕೊಟ್ಟಿಗೆಹಾರ, ಬಿಸಿ ನೀರ್ ದೋಸೆ. ಹೊಟ್ಟೆ ತುಂಬ ತಿನ್ನಿ, ಇನ್ನು ಮೂಡಿಗೆರೆ ದಾಟಿ ಚಿಕ್ಕಮಗಳೂರಿಗೆ 50 ಕಿಲೋಮೀಟರ್ ಹತ್ತಿರ ಇದೆ, ಪೂರ್ತಿ ಏರಿಳಿತ, ಅದನ್ನ ಸುಲಭ ಅಂದ್ಕೋಬೇಡಿ. ಶಿರಾಡಿ ಘಾಟಿ ಹತ್ತಿರ ಆಗತ್ತಲ್ಲ ಅಂತ ಕೇಳೋರು ಇದಾರೆ. ಬೇಡ. ಲಾರಿ ಟ್ಯಾಂಕರ್‌ಗಳ ಸಾಲು ಅದು, ಸೈಕಲ್‌ನೋರಿಗಲ್ಲ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ದೊಡ್ಡ ಗಾಡಿಗಳನ್ನ ಈ ಘಾಟಿಗೆ ಬಿಡಲ್ಲ ಅನ್ನೋದು ನಮಗೆ ದೊಡ್ಡ ಅನುಕೂಲ. ತಿರುವಿನ ಒಳಮೂಲೆ ತುಂಬ ಕಡಿದು, ಅಲ್ಲಿ ತುಳಿಯೋಕೆ ಹೋದ್ರೆ ಉಸಿರು ನಿಲ್ಲತ್ತೆ, ಎದುರು ಗಾಡಿ ಬರ್ತಿಲ್ಲ ಅಂತ ಸ್ಪಷ್ಟವಾಗಿ ಕಂಡಾಗ ಮಾತ್ರ ಸ್ವಲ್ಪ ಹೊರಗಿಂದ ತಿರುಗಿ, ಕಾಣಿಸದಿದ್ರೆ ನಿಮ್ಮ ಎಡಗಡೆಯಲ್ಲೇ ಇರಿ, ಬೇಕಾದ್ರೆ ಇಳಿದು ತಳ್ಳಿ, ಅದ್ರಲ್ಲಿ ನಾಚಿಕೆ ಪಡೋದೇನಿಲ್ಲ. ಮೇಲೆ ಹೋದ್ಮೇಲೆ ಶೃಂಗೇರಿ ಕಡೆ ತಿರುಗಿದ್ರೆ 30 ಕಿಲೋಮೀಟರ್ ಒಳಗೆ ಊಟ, ರೂಮ್ ಎರಡೂ ಸಿಗತ್ತೆ.

ಮುಳ್ಳಯ್ಯನಗಿರಿ ಬೇರೆ ತರ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ, ಚಿಕ್ಕಮಗಳೂರು ಊರಿಂದಲೇ ಏರು ಶುರು ಆಗೋದ್ರಿಂದ ಇಲ್ಲಿ ಊರಲ್ಲೇ ಉಳ್ಕೊಂಡು ಬೆಳಗ್ಗೆ ಹೊರಟ್ರೆ ಸಾಕು. ಕೈಮರ ಚೆಕ್‌ಪೋಸ್ಟ್‌ವರೆಗೆ ಮೈ ಬಿಸಿ ಆಗತ್ತೆ, ಅಲ್ಲಿಂದ ಕಾಫಿ ತೋಟ ದಾಟಿ ಮರ ಕಮ್ಮಿಯಾಗಿ ಹುಲ್ಲುಗಾವಲು ಬರೋವರೆಗೂ ಹತ್ತೋದೇ. ಕೊನೇ ತುಂಡು ಕಿರಿದು, ಕಡಿದು, ಗಾಳಿ ಬೇರೆ. ಶನಿವಾರ ಭಾನುವಾರ ಈ ಕಡೆ ತಲೆ ಹಾಕ್ಬೇಡಿ, ಕಾರು ಜೀಪುಗಳು ಸಾಲಾಗಿ ನಿಂತು ಸೈಕಲ್ ತೂರಿಸೋಕೂ ಜಾಗ ಇರಲ್ಲ, ಮಂಗಳವಾರ ಬುಧವಾರ ನೋಡಿ. ಗಿರಿಗೆ ಹೋಗೋ ವಾಹನಗಳಿಗೆ ಬುಕಿಂಗ್, ಟೈಮಿಂಗ್ ಅಂತ ಜಿಲ್ಲಾಡಳಿತ ನಿಯಮ ಮಾಡಿದೆ, ಹಿಂದಿನ ದಿನವೇ ವಿಚಾರಿಸ್ಕೊಳ್ಳಿ. ಡಿಸೆಂಬರಲ್ಲಿ ದತ್ತ ಜಯಂತಿ ಟೈಮಲ್ಲಿ ಟೂರಿಸ್ಟ್‌ಗಳನ್ನ ಕೆಲವು ದಿನ ಬಿಡಲ್ಲ. ಕಾಲಲ್ಲಿ ಶಕ್ತಿ ಉಳಿದಿದ್ರೆ ಅತ್ತಿಗುಂಡಿ ಮೇಲೆ ಬಾಬಾ ಬುಡನ್‌ಗಿರಿಗೂ ಹೋಗಿ ಬನ್ನಿ, 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟಿದ್ದು ಇದೇ ಬೆಟ್ಟದಲ್ಲಿ ಅಂತ ಪ್ರತೀತಿ.

ಮೂರು ದಿನ ರಜಾ ಇದ್ರೆ ನನಗೆ ತುಂಬ ಇಷ್ಟದ ಸುತ್ತು ಒಂದಿದೆ. ಮೊದಲ ದಿನ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಬಲಕ್ಕೆ ತಿರುಗಿ ಕಳಸ, ಸುಮಾರು 90 ಕಿಲೋಮೀಟರ್. ಎರಡನೇ ದಿನ ಕಳಸದಿಂದ ಕುದುರೆಮುಖ, ಎಸ್‌ಕೆ ಬಾರ್ಡರ್ (ಹಳೇ ಸೌತ್ ಕೆನರಾ ಜಿಲ್ಲೆಯ ಗಡಿ), ಕೆರೆಕಟ್ಟೆ, ಶೃಂಗೇರಿ. ಮೂರನೇ ದಿನ ಶೃಂಗೇರಿಯಿಂದ ಜಯಪುರ, ಬಾಳೆಹೊನ್ನೂರು, ಆಲ್ದೂರು ಮೇಲೆ ವಾಪಸ್. ಎರಡನೇ ದಿನ ದೂರ ಎಲ್ಲಕ್ಕಿಂತ ಕಮ್ಮಿ, ಬೇಕಂತಲೇ ಹಾಗೆ ಇಟ್ಟಿರೋದು, ಯಾಕಂದ್ರೆ ಆ ರೋಡಲ್ಲಿ ಅವಸರ ಮಾಡ್ಬಾರ್ದು. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತ ಮೇಲೆ ಊರು ಖಾಲಿ ಖಾಲಿ, ರೋಡೂ ಅಷ್ಟೇ, ಎರಡೂ ಕಡೆ ಶೋಲಾ ಕಾಡು (ಬೆಟ್ಟದ ಸಂದುಗಳಲ್ಲಿ ಬೆಳೆಯೋ ದಟ್ಟ ಕಾಡು), ಹುಲ್ಲುಬೆಟ್ಟ, ನಿಮ್ಮ ಚೈನಿನ ಸದ್ದು ನಿಮಗೇ ಕೇಳತ್ತೆ. ಆದ್ರೆ ಇದು ನ್ಯಾಷನಲ್ ಪಾರ್ಕ್, ಚೆಕ್‌ಪೋಸ್ಟಲ್ಲಿ ಹೆಸರು ಬರೆಸ್ಬೇಕು, ಕಂಡಕಂಡಲ್ಲಿ ನಿಲ್ಲೋದು, ಹಳ್ಳಕ್ಕೆ ಇಳಿಯೋದು ಮಾಡಂಗಿಲ್ಲ. ಅಂಗಡಿ ಸಿಗಲ್ಲ, ನೆಟ್‌ವರ್ಕೂ ಸಿಗಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಕಳಸದಲ್ಲೇ ಎರಡು ಬಾಟಲ್ ನೀರು, ಬಾಳೆಹಣ್ಣು, ಚಿಕ್ಕಿ, ಓಆರ್‌ಎಸ್ ತುಂಬ್ಕೊಳ್ಳಿ. ಮೂರನೇ ದಿನ ಬೆಳಗ್ಗೆ ಬೇಗ ಹೊರಡಿ, ಬಾಳೆಹೊನ್ನೂರಲ್ಲಿ ಭದ್ರಾ ಹೊಳೆ ದಾಟಿದ ಮೇಲೆ ಆಲ್ದೂರವರೆಗೆ ಏರೇ ಜಾಸ್ತಿ.

ಇಳಿಯೋದನ್ನ ಸ್ವಲ್ಪ ವಿವರವಾಗಿ ಹೇಳ್ಲೇಬೇಕು, ಏಟು ಬೀಳೋದು ಹತ್ತುವಾಗ ಅಲ್ಲ. ಇಳಿಜಾರು ಶುರು ಆಗೋ ಮುಂಚೆ ನಿಲ್ಸಿ ಜಾಕೆಟ್ ಹಾಕ್ಕೊಳ್ಳಿ, ಬೆವರಿದ ಮೈಗೆ ಗಿರಿ ಗಾಳಿ ಹೊಡೆದ್ರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೆ ಆಗಲ್ಲ. ಕೈ ಹ್ಯಾಂಡಲ್ಲಿನ ಕೆಳಗಿನ ಬಾಗಿಗೆ ಬರ್ಲಿ, ಸೊಂಟ ಹಿಂದಕ್ಕೆ. ಬ್ರೇಕ್ ತಿರುವಿಗೆ ಮುಂಚೆ ಹಿಡಿಯೋದು, ತಿರುವಿನ ಒಳಗೆ ಬಿಡೋದು. ಉದ್ದಕ್ಕೂ ಹಿಡ್ಕೊಂಡೇ ಇಳಿದ್ರೆ ರಿಮ್ ಕಾದು ಟ್ಯೂಬ್ ಸಿಡಿಯತ್ತೆ, ಬ್ರೇಕ್ ರಿಮ್‌ಗೇ ಒತ್ತೋ ಕಾರ್ಬನ್ ಚಕ್ರ ಇದ್ರೆ ಮನೆಯಲ್ಲೇ ಬಿಟ್ಟು ಬನ್ನಿ. ಡಿಸ್ಕ್ ಇದ್ರೂ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿ. ನೆರಳು ಬಿದ್ದ ತಿರುವಲ್ಲಿ ಪಾಚಿ, ತರಗೆಲೆ, ಜಲ್ಲಿ ಇರತ್ತೆ, ಬಿಸಿಲಿಂದ ನೆರಳಿಗೆ ನುಗ್ಗಿದ ಕ್ಷಣ ಕಣ್ಣಿಗೆ ಏನೂ ಕಾಣಲ್ಲ, ಅಲ್ಲಿ ಸ್ಪೀಡ್ ಕಮ್ಮಿ ಇರ್ಲಿ. ಮಂಜು ಕವಿದ್ರೆ ಮುಂದೆ ಹಿಂದೆ ಎರಡೂ ಲೈಟ್ ಆನ್, ಹಗಲಾದ್ರೂ ಸರಿ.

ಯಾವಾಗ ಬರೋದು? ಜೂನ್‌ನಿಂದ ಸೆಪ್ಟೆಂಬರ್ ಬೇಡ, ಮಳೆ, ಮಂಜು, ಉಂಬಳ, ಗುಡ್ಡ ಕುಸಿತ ಎಲ್ಲ ಒಟ್ಟಿಗೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಚೆನ್ನಾಗಿರತ್ತೆ, ಕಾಫಿ ಕೊಯ್ಲು ಟೈಮಲ್ಲಿ ತೋಟದ ಗೇಟಿಂದ ಟ್ರಾಕ್ಟರ್, ಪಿಕಪ್ ದಿಢೀರ್ ಅಂತ ರೋಡಿಗೆ ಬರ್ತವೆ, ಅಷ್ಟು ಗಮನ ಇರ್ಲಿ. ಮಾರ್ಚಲ್ಲಿ ಹೂಮಳೆ ಬಿದ್ದು ಕಾಫಿ ಹೂವು ಅರಳಿದ ವಾರ ಸಿಕ್ರೆ ಬಿಡ್ಬೇಡಿ, ಆ ಪರಿಮಳದಲ್ಲಿ ಏರು ಹತ್ತೋದೇ ಒಂದು ಭಾಗ್ಯ.

ಆನೆ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಮೂಡಿಗೆರೆ, ಆಲ್ದೂರು ಕಡೆ ಕಾಡಾನೆ ತೋಟದಲ್ಲೇ ಓಡಾಡ್ತವೆ, ರೋಡು ದಾಟ್ತವೆ. ಕತ್ತಲಲ್ಲಿ ಹೊರಡೋದು, ಕತ್ತಲಾದ ಮೇಲೆ ತುಳಿಯೋದು ಎರಡೂ ಬೇಡ. ಬೆಳಗ್ಗೆ ಬೇಗ ಅಂದ್ರೆ ಬೆಳಕಾದ ಮೇಲೆ ಅಂತಲೇ ಅರ್ಥ. ಟೀ ಅಂಗಡಿಯಲ್ಲಿ "ಅಣ್ಣಾ, ಈ ಕಡೆ ಆನೆ ಇದ್ಯಾ ಇವತ್ತು?" ಅಂತ ಒಂದು ಮಾತು ಕೇಳಿ, ಯಾವ ತೋಟದಲ್ಲಿ ಎಷ್ಟಿದೆ ಅಂತ ಊರೋರಿಗೆ ಗೊತ್ತಿರತ್ತೆ, ಹೋಗ್ಬೇಡಿ ಅಂದ್ರೆ ಹೋಗ್ಬೇಡಿ, ಕೂತು ಇನ್ನೊಂದು ಕಾಫಿ ಕುಡೀರಿ.

ಸಾಮಾನು ಅಂದ್ರೆ ಎರಡು ಟ್ಯೂಬ್, ಪ್ಯಾಚ್, ಪಂಪ್, ಚೈನ್ ಲಿಂಕ್, ನಿಮ್ಮ ಸೈಕಲ್‌ಗೆ ಹೊಂದೋ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸೋ ಭಾಗವನ್ನ ಫ್ರೇಮಿಗೆ ಸಿಕ್ಕಿಸೋ ಚಿಕ್ಕ ಕೊಂಡಿ) ಒಂದು. ಊರ ಸೈಕಲ್ ಶಾಪಲ್ಲಿ ಪಂಕ್ಚರ್ ಹಾಕ್ತಾರೆ, ಹ್ಯಾಂಗರ್ ಮುರಿದ್ರೆ ಅವರೂ ಏನೂ ಮಾಡೋಕಾಗಲ್ಲ. ಬೆಂಗಳೂರಿಂದ ಸೈಕಲ್ ತರೋಕೆ ರೈಲಲ್ಲಿ ಲಗೇಜ್ ಬುಕ್ ಮಾಡಿ ಕಡೂರಲ್ಲಿ ಇಳಿದ್ರೆ, ಅಲ್ಲಿಂದ ಚಿಕ್ಕಮಗಳೂರಿಗೆ 40 ಕಿಲೋಮೀಟರ್, ಘಾಟಿ ಇಲ್ಲದ ದಾರಿ, ಬಂದ ದಿನದ ಕಾಲಿಗೆ ಅಷ್ಟು ಸಾಕು.