ಮುಂದಿನ ಚಕ್ರ, ಹಿಂದಿನ ಚಕ್ರ, ನಾಲ್ಕೂ ಚಕ್ರ: ಉಡುಪಿಯ ಮಳೆಯಲ್ಲಿ ನಾನು ಓಡಿಸಿ ನೋಡಿದ್ದು

ನಮ್ಮದು ಅಡುಗೆ ಕಾಂಟ್ರಾಕ್ಟ್ ಕೆಲಸ, ಮನೆ ಪರ್ಕಳದ ಕಡೆ. ಕಡಾಯಿ, ಗ್ಯಾಸ್ ಒಲೆ, ಅಕ್ಕಿ ಮೂಟೆ ಸಾಗಿಸಲು ಒಂದು ಹಳೆಯ ಈಕೋ ವ್ಯಾನ್ ಇದೆ. ಮನೆ ಓಡಾಟಕ್ಕೆ ಸ್ವಿಫ್ಟ್. ಭಾವ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಮಾಡೆಲ್ ತಗೊಂಡ ಮೇಲೆ ಅದೂ ಆಗಾಗ ನನ್ನ ಕೈಗೆ ಬರುತ್ತದೆ, ಯಾಕೆಂದರೆ ಘಾಟಿ ಹತ್ತಿಸುವುದೆಂದರೆ ಅವರಿಗೆ ಆಗಿಬರುವುದಿಲ್ಲ. ಈಕೋಗೆ ಹಿಂದಿನ ಚಕ್ರಕ್ಕೆ ಪವರ್, ಸ್ವಿಫ್ಟ್‌ಗೆ ಮುಂದಿನದಕ್ಕೆ, ವಿಟಾರಾಗೆ ಬೇಕಾದಾಗ ನಾಲ್ಕಕ್ಕೂ. ಮೂರನ್ನೂ ಅದದೇ ರಸ್ತೆಗಳಲ್ಲಿ ಓಡಿಸುವುದರಿಂದ ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಗೊತ್ತಾಗಿದೆ. ಕಾರು ತಗೊಳ್ಳುವ ಮೊದಲು ಜನ ಟಚ್ ಸ್ಕ್ರೀನ್ ಎಷ್ಟು ಇಂಚು ಅಂತ ಕೇಳುತ್ತಾರೆ, ಯಾವ ಚಕ್ರ ಎಳೆಯುತ್ತದೆ ಅಂತ ಕೇಳುವವರು ಕಡಿಮೆ.

ನಮ್ಮ ಊರಿನ ನಿಜವಾದ ಪರೀಕ್ಷೆ ಹೈವೇ ಅಲ್ಲ, ಮನೆಯ ಚಡಾವು. ಗುಡ್ಡ ಕಡಿದು ಮನೆ ಕಟ್ಟಿ, ರಸ್ತೆಯಿಂದ ಅಂಗಳಕ್ಕೆ ಕಡಿದಾದ ಕಾಂಕ್ರೀಟ್ ದಾರಿ ಮಾಡಿರುತ್ತೇವೆ. ಆಟಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು, ಬರುವಷ್ಟರಲ್ಲಿ ಅದರ ಮೇಲೆ ಪಾಚಿ. ಸ್ವಿಫ್ಟ್ ಅರ್ಧ ಹತ್ತಿ ನಿಂತರೆ ಮುಗಿಯಿತು, ಒಂದು ಚಕ್ರ ಗಿರ್ ಅಂತ ತಿರುಗುತ್ತದೆ, ರಬ್ಬರ್ ವಾಸನೆ ಬರುತ್ತದೆ, ಕಾರು ಮಾತ್ರ ಇದ್ದಲ್ಲೇ. ಕಾರಣ ಸುಲಭ. ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ, ಎಳೆಯಬೇಕಾದ ಮುಂದಿನ ಚಕ್ರ ಹಗುರ ಆಗುತ್ತದೆ. ಡಿಕ್ಕಿಯಲ್ಲಿ ಸಾಮಾನು ತುಂಬಿ ಹಿಂದೆ ಮೂರು ಜನ ಕೂತಿದ್ದರೆ ಇನ್ನೂ ಜಾಸ್ತಿ. ಜೊತೆಗೆ ಎಡ ಬಲ ಚಕ್ರಕ್ಕೆ ಪವರ್ ಹಂಚುವ ಸಾಧಾರಣ ಡಿಫರೆನ್ಶಿಯಲ್‌ನಲ್ಲಿ ಯಾವ ಚಕ್ರ ಜಾರುತ್ತದೋ ಅದೇ ಸುಮ್ನೆ ತಿರುಗುತ್ತದೆ, ಹಿಡಿತ ಇರುವ ಚಕ್ರ ಕೆಲಸ ಮಾಡುವುದಿಲ್ಲ.

ಇದಕ್ಕೆ ನಾನು ಮಾಡುವುದು ಇಷ್ಟೇ: ಸ್ವಿಫ್ಟನ್ನು ರಿವರ್ಸ್‌ನಲ್ಲಿ ಹತ್ತಿಸುತ್ತೇನೆ. ಆಗ ಎಂಜಿನ್ ಇರುವ ಕಡೆ ಕೆಳಗೆ ಬರುತ್ತದೆ, ಭಾರ ಎಲ್ಲ ಪವರ್ ಇರುವ ಚಕ್ರದ ಮೇಲೆ ಕೂರುತ್ತದೆ. ರಿವರ್ಸ್ ಗೇರ್‌ನ ಎಳೆತವೂ ಫಸ್ಟ್ ಗೇರ್‌ಗೆ ಹತ್ತಿರ ಹತ್ತಿರ ಇರುತ್ತದೆ. ಸ್ಟೇರಿಂಗ್ ನೇರ ಇಟ್ಟು, ಕೆಳಗಿನಿಂದಲೇ ಒಂದೇ ವೇಗದಲ್ಲಿ, ಎಕ್ಸಲರೇಟರ್ ಜಾಸ್ತಿ ತುಳಿಯದೆ ಬಂದರೆ ಅಂಗಳ ಮುಟ್ಟುತ್ತದೆ. ಪಕ್ಕದ ಮನೆಯವರು ಮೊದಲ ಸಲ ನೋಡಿ "ಇದೆಂತ ಮಾರಾಯ್ರೆ, ಕಾರು ಹಿಂದೆ ಹಿಂದೆ ಹೋಗ್ತದಲ್ಲ" ಅಂದಿದ್ದರು. ಈಗ ಅವರೂ ಹಾಗೇ ಹತ್ತಿಸುತ್ತಾರೆ. ಇನ್ನೊಂದು, ಹೊಸದಾಗಿ ಕಾಂಕ್ರೀಟ್ ಹಾಕಿಸುವವರು ಹಸಿ ಇರುವಾಗಲೇ ಅಡ್ಡಕ್ಕೆ ಗೀರು ಎಳೆಸಿಬಿಡಿ, ಮಳೆಗಾಲಕ್ಕೆ ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ನಾಲ್ಕೂ ಚಕ್ರ ಎಳೆಯುವ ಕಾರಿಗೆ ಕೊಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಈಕೋ ಇದೇ ಚಡಾವನ್ನು ಸಾಮಾನು ತುಂಬಿದ್ದಾಗ ಆರಾಮಾಗಿ ಹತ್ತುತ್ತದೆ. ಹಿಂದೆ ಪಾತ್ರೆ, ಮೂಟೆ ಎಲ್ಲ ಪವರ್ ಚಕ್ರದ ಮೇಲೇ ಕೂತಿರುತ್ತದೆ, ಏರು ಬಂದಷ್ಟೂ ಹಿಡಿತ ಜಾಸ್ತಿ. ಪಿಕಪ್, ಲಾರಿ, ಬಸ್ಸು ಎಲ್ಲ ಹಿಂದಿನ ಚಕ್ರದಿಂದ ಓಡುವುದು ಇದಕ್ಕೇ. ಖಾಲಿ ಇದ್ದಾಗ ಮಾತ್ರ ಅದೇ ಗಾಡಿಯ ಹಿಂಭಾಗ ಕುಣಿಯುತ್ತದೆ.

ಖಾಲಿ ಈಕೋದ ನಿಜವಾದ ಸ್ವಭಾವ ಗೊತ್ತಾಗುವುದು ಆಗುಂಬೆ ಇಳಿಯುವಾಗ. 14 ಹೇರ್‌ಪಿನ್ ತಿರುವು, ರಸ್ತೆ ಮೇಲೆ ನೀರು, ಎದೆಮಟ್ಟದ ಮಂಜು. ಇಳಿಜಾರಲ್ಲಿ ಬ್ರೇಕ್ ಕಾಯಬಾರದು ಅಂತ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲೇ ಬರಬೇಕು, ಅದು ಸರಿ. ಆದರೆ ಹಿಂದಿನ ಚಕ್ರದ ಗಾಡಿಯಲ್ಲಿ ಆ ಹಿಡಿತ ಹಿಂದಿನ ಚಕ್ರಕ್ಕೆ ಮಾತ್ರ ಬೀಳುತ್ತದೆ. ಒದ್ದೆ ತಿರುವಿನ ಮಧ್ಯೆ ಥರ್ಡ್‌ನಿಂದ ಸೆಕೆಂಡಿಗೆ ಹಾಕಿ ಕ್ಲಚ್ ಫಟ್ ಅಂತ ಬಿಟ್ಟರೆ ಹಿಂಭಾಗ ಹೊರಕ್ಕೆ ಜಾರುತ್ತದೆ, ಸೀಟಿನ ಕೆಳಗೇ ಗೊತ್ತಾಗುತ್ತದೆ ಅದು. ಹಾಗಾಗಿ ಗೇರ್ ಇಳಿಸುವುದೆಲ್ಲ ತಿರುವಿಗೆ ಮೊದಲೇ, ನೇರ ಇರುವಲ್ಲಿ. ಕ್ಲಚ್ ನಿಧಾನ.

ಸ್ವಿಫ್ಟ್‌ನಲ್ಲಿ ಈ ತಲೆಬಿಸಿ ಕಡಿಮೆ. ತಿರುವಿನಲ್ಲಿ ವೇಗ ಹೆಚ್ಚಾದರೆ ಮೂತಿ ಹೊರಕ್ಕೆ ಹೋಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ಅಷ್ಟು ತಿರುಗುವುದಿಲ್ಲ. ಎಕ್ಸಲರೇಟರ್‌ನಿಂದ ಕಾಲು ಮೆಲ್ಲ ತೆಗೆದರೆ ಸಾಧಾರಣವಾಗಿ ದಾರಿಗೆ ಬರುತ್ತದೆ. ಹೆದರಿದವರು ಹೇಗೂ ಅದನ್ನೇ ಮಾಡುತ್ತಾರೆ, ಅಲ್ವಾ? ಹಿಂಭಾಗ ಜಾರಿದಾಗ ಹೆದರಿ ಬ್ರೇಕ್ ಒತ್ತಿದರೆ ಇನ್ನೂ ಕೆಡುತ್ತದೆ. ಹೊಸದಾಗಿ ಕಲಿತವರಿಗೆ ಮುಂದಿನ ಚಕ್ರದ ಕಾರೇ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೆ. ಒಂದು ಕಾಲಕ್ಕೆ ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಹಿಂದಿನ ಚಕ್ರದವು. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರದ್ದೇ ಮಾಮೂಲಾಯಿತು. ಹಿಂದಿನ ಚಕ್ರಕ್ಕೆ ಪವರ್ ಒಯ್ಯುವ ಉದ್ದದ ಶಾಫ್ಟ್ ಬೇಡ, ಗಾಡಿ ಹಗುರ, ಒಳಗೆ ಜಾಗ ಜಾಸ್ತಿ.

ಇನ್ನು ಭಾವನ ಕಾರು. ಚಡಾವಿನಲ್ಲಿ ಅದಕ್ಕೆ ಮಾತೇ ಇಲ್ಲ. ಮುಂದಿನ ಚಕ್ರ ಚೂರು ಜಾರಿತು ಅನ್ನುವಷ್ಟರಲ್ಲಿ ಹಿಂದಿನದು ದೂಡುತ್ತದೆ, ಮೂತಿ ಮುಂದಿಟ್ಟೇ ಅಂಗಳಕ್ಕೆ ಹೋಗಬಹುದು. ಆಟೋ ಮೋಡ್‌ನಲ್ಲಿ ಅದು ಹೆಚ್ಚಿನ ಹೊತ್ತು ಮುಂದಿನ ಚಕ್ರದಲ್ಲೇ ಓಡುತ್ತದೆ, ಜಾರಿದಾಗ ಹಿಂದಕ್ಕೂ ಪವರ್ ಕಳಿಸುತ್ತದೆ. ಕೆಸರಿಗೆ ಲಾಕ್ ಮೋಡ್ ಬೇರೆ ಇದೆ. ಆದರೆ ಬೆಲೆ ಜಾಸ್ತಿ, ಮೈಲೇಜ್ ಕಡಿಮೆ. ಈ ಕಾರು ಬಂದಾಗ ಕಂಪನಿ ಕೊಟ್ಟ ಲೆಕ್ಕದಲ್ಲೇ ಮುಂದಿನ ಚಕ್ರದ ಮ್ಯಾನುವಲ್‌ಗೆ ಲೀಟರಿಗೆ 21.11 ಕಿ.ಮೀ., ನಾಲ್ಕು ಚಕ್ರದ್ದಕ್ಕೆ 19.38. ಟಯರ್ ಬದಲಿಸುವಾಗ ನಾಲ್ಕೂ ಒಂದೇ ಸವೆತದಲ್ಲಿ ಇರಬೇಕು, ಒಂದು ಹೊಸತು ಮೂರು ಹಳತು ಅನ್ನುವ ನಮ್ಮ ಉಳಿತಾಯ ಅಲ್ಲಿ ನಡೆಯುವುದಿಲ್ಲ.

ಭಾವನಿಗೆ ನಾನು ಮತ್ತೆ ಮತ್ತೆ ಹೇಳುವುದು ಒಂದೇ: ನಾಲ್ಕು ಚಕ್ರ ಎಳೆಯುತ್ತದೆ ಅಂದರೆ ಬೇಗ ನಿಲ್ಲುತ್ತದೆ ಅಂತ ಅಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ಕಟಪಾಡಿ, ಪಡುಬಿದ್ರಿ ಕಡೆ 66ನೇ ಹೆದ್ದಾರಿಯಲ್ಲಿ ಮಳೆ ನೀರು ನಿಂತಲ್ಲಿ ವೇಗವಾಗಿ ಹೋದರೆ ಟಯರ್ ನೀರಿನ ಮೇಲೆ ತೇಲುತ್ತದೆ, ಆಗ ಯಾವ ಚಕ್ರಕ್ಕೆ ಪವರ್ ಇದ್ದರೂ ಒಂದೇ. ಅಲ್ಲಿ ಕಾಪಾಡುವುದು ಟಯರ್‌ನ ಗೆರೆ ಮತ್ತು ಕಡಿಮೆ ವೇಗ. ಕಾನೂನಿನಂತೆ ಕಾರಿನ ಗೆರೆ 1.6 ಮಿ.ಮೀ. ಇದ್ದರೆ ಸಾಕು, ನಾನು 3 ಮಿ.ಮೀ.ಗೆ ಬಂದಾಗಲೇ ಬದಲಿಸುತ್ತೇನೆ, ಅದೂ ಮೇ ತಿಂಗಳಲ್ಲಿ. ಮತ್ತೆ ಬೀಚ್ ಮರಳಿಗೆ ಇಳಿಸುವ ಹುಚ್ಚು ಬೇಡ. ನಾಲ್ಕೂ ಚಕ್ರ ಎಳೆಯುವ ಥಾರ್, ಜಿಮ್ನಿಯ ಹಾಗೆ ಇದಕ್ಕೆ ನಿಧಾನವಾಗಿ ಜೋರು ಎಳೆಯುವ ಲೋ ಗೇರ್ ಇಲ್ಲ, ಹೊಟ್ಟೆ ಮರಳಿಗೆ ತಾಗಿದರೆ ಟ್ರ್ಯಾಕ್ಟರೇ ಬೇಕು.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರು ಇಷ್ಟು ಮಾಡಿ. ಮುಂದಿನ ಚಕ್ರದ ಕಾರಾದರೆ ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನ ಓಡಿಸಿ. ಕಟ ಕಟ ಸದ್ದು ಬಂದರೆ ಆಕ್ಸೆಲ್‌ನ ಜಾಯಿಂಟ್ ಹೋಗಿದೆ. ಬಗ್ಗಿ ನೋಡಿ, ರಬ್ಬರ್ ಬೂಟ್ ಹರಿದು ಚಕ್ರದ ಒಳಬದಿಗೆ ಗ್ರೀಸ್ ಎರಚಿರುತ್ತದೆ. ನಮ್ಮ ಕೆಂಪು ಮಣ್ಣಿನ ನೀರು ಒಳಗೆ ಹೋದರೆ ಜಾಯಿಂಟ್ ಬೇಗ ಸಾಯುತ್ತದೆ. ಈಕೋ ತರದ ಗಾಡಿಯಾದರೆ ಫಸ್ಟ್‌ಗೆ ಹಾಕಿ, ರಿವರ್ಸ್‌ಗೆ ಹಾಕಿ, ಕ್ಲಚ್ ಬಿಡುವಾಗ ಕೆಳಗಿನಿಂದ ಟಕ್ ಅಂದರೆ ಶಾಫ್ಟ್‌ನ ಕ್ರಾಸ್, ಅಂದರೆ ಅದರ ತುದಿಯ ಜಾಯಿಂಟ್, ಸವೆದಿದೆ ಅಂತ ಅನುಮಾನ ಪಡಿ. ಅದು ದೊಡ್ಡ ಖರ್ಚಲ್ಲ, ರೇಟು ಇಳಿಸಲು ಆಗುತ್ತದೆ. ಓಡುವಾಗ ಹಿಂದಿನಿಂದ ಊಂ ಅಂತ ಒಂದೇ ಸಮನೆ ಸದ್ದಿದ್ದರೆ ಮಾತ್ರ ಬಿಟ್ಟು ಬನ್ನಿ, ಹಿಂದಿನ ಡಿಫರೆನ್ಶಿಯಲ್ ಬಿಚ್ಚಿಸುವುದು ಸಣ್ಣ ಕೆಲಸ ಅಲ್ಲ.